ಬದುಕಿಲ್ಲದವರು

ಬ್ಯಾಡಗಿ
20 ಜನವರಿ 2025

ನಮ್ಮ ಮನೆಯವರಿಗೆ ಕರೆವ್ವ ಮಾಡುವ ನಮಸ್ಕಾರಗಳು.

ನೀವು ಹೋಗಿ ಇವತ್ತಿಗೆ ಹದಿನಾರು ದಿನ. ಎಣಿಸಬಾರದು ಅಂದುಕೊಂಡೇ ಎಣಿಸಿದೆ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನಿಮಗೆ ಪತ್ರ ಬರೆಯುತ್ತಿರುವುದು ಇದೇ ಮೊದಲು. ಪೆನ್ನು ಹಿಡಿದರೆ ಏಳನೇ ಇಯತ್ತೆಯ ಪುಸ್ತಕದ ಭಾಷೆಯೇ ಬರುತ್ತದೆ, ನಗಬೇಡಿ.

ಫೋನು ನನ್ನ ಹತ್ತಿರ ಬಿಟ್ಟು ಹೋದಿರಿ. ರೇಷನ್ ಕಾರ್ಡು, ಗ್ಯಾಸು, ಬ್ಯಾಂಕು, ಗೃಹಲಕ್ಷ್ಮಿ ಎಲ್ಲಕ್ಕೂ ನಿಮ್ಮ ನಂಬರೇ ಕೊಟ್ಟಿದೆ, ಓಟಿಪಿ ಬರುವುದು ಅದಕ್ಕೇ, ಖರೆ. "ನಿನ್ನ ಕಡೆನ ಇರಲಿ, ನಾ ಅಲ್ಲಿ ಮೀನಿನ ಜೋಡಿ ಮಾತಾಡೂದೈತೇನು" ಅಂದಿರಿ. ಈಗ ವಾರಕ್ಕೊಮ್ಮೆ ಯಾರದೋ ಫೋನಿನಿಂದ ಮಾತಾಡುತ್ತೀರಿ. "ಉಂಡ್ಯಾ?" "ಉಂಡೆರಿ." ಹಿಂದೆ ನಾಲ್ಕು ಮಂದಿ ನಗುವುದು ಕೇಳಿಸುತ್ತದೆ, ನಿಮ್ಮ ದನಿ ಸಣ್ಣದಾಗುತ್ತದೆ. ಅದಕ್ಕೇ ಪತ್ರ. ಪೋಸ್ಟ್ ಆಫೀಸಿನವರು ಇನ್‌ಲ್ಯಾಂಡ್ ಕೊಡುವಾಗ ನನ್ನ ಮುಖವನ್ನೇ ನೋಡಿದರು.

ಸುಗ್ಗಿ ಜೋರಾಗಿದೆ. ಊರೆಲ್ಲ ಮೆಣಸಿನಕಾಯಿ ಘಾಟು. ನಾನೂ ಗುಡ್ಡವ್ವನೂ ಗಂಗಾಧರ ಸಾವಕಾರರ ಅಂಗಳದಲ್ಲಿ ತೊಟ್ಟು ಬಿಡಿಸಲು ಹೋಗುತ್ತಿದ್ದೇವೆ. ನಿನ್ನೆ ಸಾವಕಾರರು ಕುರ್ಚಿ ಹಾಕಿಕೊಂಡು ಕೂತು ಶುರು ಮಾಡಿದರು: "ಮನ್ಯಾಗ ಕುಂತ್ರ ಎರಡು ಸಾವಿರ ಬರ್ತೈತಿ. ಬಸ್ಸು ಪುಕ್ಕಟೆ, ಅಕ್ಕಿ ಪುಕ್ಕಟೆ. ಸರಕಾರ ಮಂದೀನ ಮೈಗಳ್ಳರ್ನ ಮಾಡಿಬಿಟ್ಟೈತಿ. ಇನ್ನ ತೊಟ್ಟು ಬಿಡಸಾಕ ಯಾರು ಬರ್ತಾರ?"

ಗುಡ್ಡವ್ವ ಸುಮ್ಮನಿರುತ್ತಾಳೆಯೇ? "ನಾವು ನಲವತ್ತು ಮಂದಿ ಮುಂಜಾನಿಂದ ನಿಮ್ಮ ಕಣ್ಣ ಮುಂದ ಕುಂತೇವಲ್ರಿ ಸಾವ್ಕಾರ್ರ, ಕಾಣವಲ್ವೇನ್ರಿ? ಹಿಂದಕ ರೇಟ್ ಬಿದ್ದಾಗ ಸರಕಾರ ಕೈ ಹಿಡೀಬೇಕು ಅಂತ ನೀವು ರಸ್ತೇದಾಗ ಕುಂತಿದ್ರಿ. ಅವಾಗ ನಿಮಗ್ಯಾರೂ ಮೈಗಳ್ಳ ಅನಲಿಲ್ಲ" ಅಂದಳು. ಸಾವಕಾರರು ನಕ್ಕು ಚಹಾ ತರಿಸಿದರು.

ನಾನು ನಗಲಿಲ್ಲ. ನೀವೂ ಸಾವಕಾರರ ಮಾತನ್ನೇ ಆಡುತ್ತೀರಿ ಅನ್ನುವುದು ನೆನಪಾಯಿತು. ಆ ಮಾತಿಗೆ ಕಟ್ಟುಬಿದ್ದೇ ಅಲ್ಲವೇ ನೀವು ಮನೆ ಬಿಟ್ಟು ಹೋದದ್ದು.

ನಿಮ್ಮ
ಕರೆವ್ವ

ಮಲ್ಪೆ
4 ಫೆಬ್ರುವರಿ 2025

ಕರೆವ್ವಳಿಗೆ,

ಗಂಡನಾದವನು ಆಶೀರ್ವಾದ ಎಂದು ಶುರು ಮಾಡಬೇಕಂತೆ. ನಿನಗೆ ಆಶೀರ್ವಾದ ಮಾಡುವಷ್ಟು ದೊಡ್ಡವನು ನಾನಲ್ಲ, ಆದ್ದರಿಂದ ಅದನ್ನು ಬಿಟ್ಟಿದ್ದೇನೆ.

ಇಲ್ಲಿ ಬಂದರಿನ ಹತ್ತಿರ ಐಸ್ ಕಾರ್ಖಾನೆಯಲ್ಲಿ ಕೆಲಸ. ದೊಡ್ಡ ದೊಡ್ಡ ಮಂಜುಗಡ್ಡೆಗಳನ್ನು ಯಂತ್ರಕ್ಕೆ ಕೊಟ್ಟು ಪುಡಿ ಮಾಡಿ ದೋಣಿಗೆ ತುಂಬಬೇಕು. ಗಿರಣಿಯ ಹತ್ತಿಯ ಧೂಳು ತಿಂದ ಎದೆಗೆ ಈ ತಣ್ಣನೆ ಗಾಳಿ ಹಿತವಾಗಿದೆ. ಊಟ ಜೈತೂನಬಿಯ ಖಾನಾವಳಿಯಲ್ಲಿ. ಅವಳು ಹಾನಗಲ್ ಕಡೆಯವಳು, ರೊಟ್ಟಿ ಬಡಿಯುತ್ತಾಳೆ. ನಿನ್ನಷ್ಟು ತೆಳ್ಳಗಲ್ಲ.

ಮೊದಲ ದಿನ ಒಂದು ಮೋಜು ಆಯಿತು. ಸಂಜೆ ಕೆಲಸ ಮುಗಿಸಿ ಗುಮಾಸ್ತನ ಮುಂದೆ ನಿಂತು, "ಸರ, ನಂದು ಬದುಕು ಮುಗೀತ್ರಿ, ಹೋಗಲ್ಯಾ?" ಅಂದೆ. ಅವನು ಗಾಬರಿಯಾಗಿ ಎದ್ದೇ ನಿಂತ. "ಎಂತ ಮಾರಾಯ, ಹಾಗೆಲ್ಲ ಹೇಳ್ಬಾರ್ದು. ಮನೆಯಲ್ಲಿ ಎಂತ ತೊಂದರೆ?" ಅಂತ ನೀರು ಕುಡಿಸಿದ. ನಮ್ಮ ಕಡೆ ಬದುಕು ಅಂದರೆ ಕೆಲಸ, ಇವರಿಗೆ ಬದುಕು ಅಂದರೆ ಜೀವ. ಈಗ ಎಲ್ಲರೂ ನನ್ನನ್ನು ಕಂಡರೆ "ಕೊಟ್ರಪ್ಪ, ಬದುಕು ಉಂಟಾ?" ಅಂತ ಕೇಳುತ್ತಾರೆ.

ನಾನು ಮನೆ ಬಿಟ್ಟದ್ದು ಯಾವುದೋ ಮಾತಿಗೆ ಕಟ್ಟುಬಿದ್ದಲ್ಲ. ಆ ದಿನ ರಾಣೇಬೆನ್ನೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದೆವು. ಕಂಡಕ್ಟರ್ ನಿನಗೆ ಸೊನ್ನೆ ಟಿಕೆಟ್ ಹರಿದು ಕೊಟ್ಟು ನನ್ನ ಕಡೆ ತಿರುಗಿದ. ನಾನು ಜೇಬು ತಡಕುವುದರೊಳಗೆ ನೀನು ಸೆರಗಿನ ಗಂಟು ಬಿಚ್ಚಿ ದುಡ್ಡು ಕೊಟ್ಟೆ. ಹಿಂದಿನ ಸೀಟಿನವನು ಕೆಮ್ಮಿದ. ಹತ್ತೊಂಬತ್ತು ವರ್ಷ ಗಿರಣಿಯಲ್ಲಿ ದುಡಿದ ಕೈ ಆ ಹೊತ್ತಿಗೆ ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ದುಡಿಯದೆ ಉಣ್ಣುವುದು ನನಗೆ ಗಂಟಲಲ್ಲಿ ಇಳಿಯುವುದಿಲ್ಲ ಕರೆವ್ವ, ಅಷ್ಟೇ.

ಕೊಟ್ರಪ್ಪ

ಬ್ಯಾಡಗಿ
2 ಮಾರ್ಚ್ 2025

ನಮ್ಮ ಮನೆಯವರಿಗೆ,

ನಿಮ್ಮ ಪತ್ರ ಓದಿ ಒಂದು ಕಡೆ ನಗು, ಒಂದು ಕಡೆ ಸಿಟ್ಟು. ಬಸ್ಸಿನ ಟಿಕೆಟ್ಟಿಗೆ ಯಾರಾದರೂ ಮನೆ ಬಿಡುತ್ತಾರೆಯೇ? ಇಪ್ಪತ್ತೆರಡು ವರ್ಷ ನನ್ನ ಟಿಕೆಟ್ ನೀವು ತೆಗೆಸಿದಿರಿ, ನಾನು ಎಂದಾದರೂ ಕೈ ಎಲ್ಲಿಡಲಿ ಅಂತ ಚಿಂತೆ ಮಾಡಿದೆನೇ?

ಮೊನ್ನೆ ಸರ್ವೆ ಮಾಡುವ ಹುಡುಗ ಬಂದಿದ್ದ. ಕೈಯಲ್ಲಿ ಟ್ಯಾಬು. ಮಂಡ್ಯದ ಕಡೆಯವನಂತೆ, ಮಾತು ಬೆಣ್ಣೆ. ಮನೆಯಲ್ಲಿ ಯಾರು ಯಾರು, ಯಾರಿಗೆ ಏನು ಕೆಲಸ, ಏನು ಬರುತ್ತದೆ ಅಂತ ಕೇಳಿದ. "ನಿಮ್ಮ ಯಜಮಾನ್ರು ಅಮ್ಮಾ?" ಅಂದ. "ಅವರಿಗಿ ಈಗ ಇಲ್ಲಿ ಬದುಕಿಲ್ರಿ" ಅಂದೆ. ಪಾಪ, ಮುಖ ಸಣ್ಣದು ಮಾಡಿಕೊಂಡ. "ಎಷ್ಟು ದಿನ ಆಯ್ತಮ್ಮಾ?" ಅಂದ. "ಹ್ವಾದ ಶ್ರಾವಣದಾಗರಿ. ಒಮ್ಮಿಂದೊಮ್ಮೆಲೆ ಆತು. ಮುಂಜಾನೆ ಬುತ್ತಿ ಕಟಗೊಂಡು ಹೋಗಿದ್ರು, ಮಧ್ಯಾಹ್ನಕ್ಕ ಎಲ್ಲಾ ಮುಗದಿತ್ತು" ಅಂದೆ. ಗಿರಣಿಯ ಗೇಟಿಗೆ ಬೀಗ ಬಿದ್ದ ದಿನ ನಿಮ್ಮ ಮುಖ ಹೇಗಿತ್ತು ಅನ್ನುವುದು ನೆನಪಾಗಿ ನನಗೂ ಅಳು ಬಂತು. ಆ ಹುಡುಗ ಟ್ಯಾಬು ಕೆಳಗಿಟ್ಟು ಕಣ್ಣೊರೆಸಿಕೊಂಡ. ಗಂಡನ ನೌಕರಿ ಹೋದದ್ದಕ್ಕೆ ಪರವೂರಿನ ಹುಡುಗ ಅತ್ತದ್ದನ್ನು ನಾನು ಇದೇ ಮೊದಲು ನೋಡಿದ್ದು. ಸರಕಾರದಲ್ಲೂ ಕರುಳಿದ್ದವರು ಇದ್ದಾರೆ ಅನ್ನಿಸಿತು.

ಇನ್ನೊಂದು ಮಾತು. ವಿಮೆ ಕಟ್ಟಿದ ಕಾರ್ಮಿಕರಿಗೆ ಕೆಲಸ ಹೋದರೆ ಮೂರು ತಿಂಗಳು ಅರ್ಧ ಪಗಾರ ಕೊಡುವ ಕಾನೂನು ಇದೆಯಂತೆ. ಗುಡ್ಡವ್ವನ ತಮ್ಮ ಹೇಳಿದ. ಆ ವಿಮೆಯಲ್ಲಿ ನಿಮ್ಮ ಹೆಸರು ಯಾಕೆ ಇರಲಿಲ್ಲ? ಹತ್ತೊಂಬತ್ತು ವರ್ಷ ದುಡಿದವರು ಮೂರು ತಿಂಗಳು ಮನೆಯಲ್ಲಿ ಕೂತು ಉಂಡರೆ ಅದು ಭಿಕ್ಷೆಯೇ? ಅಷ್ಟು ಸಿಕ್ಕಿದ್ದರೆ ನೀವು ಕುಮಾರಪಟ್ಟಣ, ಹಾವೇರಿ ಅಂತ ತಿರುಗಿ ತಿರುಗಿ ಸೋತು, ಕಡಲಿನ ತನಕ ಹೋಗಬೇಕಿರಲಿಲ್ಲ. ನಿಧಾನಕ್ಕೆ ಹುಡುಕಬಹುದಿತ್ತು. ನನ್ನ ಕಣ್ಣ ಮುಂದೆ ಇರುತ್ತಿದ್ದಿರಿ.

ಸಂಜೆ ಕೈ ಉರಿಯುತ್ತದೆ. ಎಣ್ಣೆ ಹಚ್ಚಿಕೊಡುವವರು ಇಲ್ಲ.

ಕರೆವ್ವ

ಮಲ್ಪೆ
19 ಮಾರ್ಚ್ 2025

ಕರೆವ್ವಳಿಗೆ,

ವಿಮೆಯ ಮಾತು ಬಿಡು. ಗುತ್ತಿಗೆದಾರ ನಮ್ಮ ಹೆಸರು ಸೇರಿಸಿರಲಿಲ್ಲ, ಮುಗಿಯಿತು. ಹೋದದ್ದನ್ನು ಕೆದಕಿ ಏನು ಮಾಡುವುದು.

ಹಕ್ಕು, ಭಿಕ್ಷೆ ಎಂದೆಲ್ಲ ನೀನು ಮತ್ತು ಗುಡ್ಡವ್ವ ಅಂಗಳದಲ್ಲಿ ಮಾತಾಡಿಕೊಳ್ಳಿ. ನನ್ನ ಲೆಕ್ಕ ಬೇರೆ. ಮೈಯಲ್ಲಿ ಕಸುವಿದ್ದವನು ಕೈ ಚಾಚಬಾರದು. ಮುದುಕರಿಗೆ ಕೊಡಲಿ, ಕುಂಟರಿಗೆ ಕುರುಡರಿಗೆ ಕೊಡಲಿ, ಬೇಡ ಅನ್ನುವುದಿಲ್ಲ. ನಲವತ್ತೆಂಟು ವಯಸ್ಸಿನ ಗಟ್ಟಿ ಆಳಿಗೆ ಯಾಕೆ?

ಜೂನ್ ತಿಂಗಳಿನಿಂದ ಎರಡು ತಿಂಗಳು ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ನಾನು ಬರುತ್ತೇನೆಂದು ನೀನು ಅಂದುಕೊಂಡಿರಬಹುದು. ಬರುವುದಿಲ್ಲ. ಮಳೆಗಾಲದಲ್ಲಿ ಬಲೆ ದುರಸ್ತಿ ಕೆಲಸ ಇರುತ್ತದೆ, ಕೇಳಿಟ್ಟಿದ್ದೇನೆ. ದೀಪಾವಳಿಗೆ ಬಂದರೆ ಬಂದೆ. ಅಲ್ಲಿ ಬಂದು ಕಟ್ಟೆಯ ಮೇಲೆ ಕೂತು, "ಏನಪಾ ಕೊಟ್ರ, ಸೂಟಿ ಮ್ಯಾಲ ಬಂದಿಯೇನು?" ಅನ್ನಿಸಿಕೊಳ್ಳಲಾರೆ.

ಕೈಗೆ ಕೊಬ್ಬರಿ ಎಣ್ಣೆ ಹಚ್ಚು. ನಾನಿದ್ದಾಗ ಹಚ್ಚುತ್ತಿದ್ದದ್ದು ಎಣ್ಣೆ ಮಾತ್ರ ಅಲ್ಲ ಎಂದು ನನಗೂ ಗೊತ್ತು. ಹೆಚ್ಚಿಗೆ ಬರೆಯಲು ಬರುವುದಿಲ್ಲ.

ಕೊಟ್ರಪ್ಪ

ಬ್ಯಾಡಗಿ
28 ಏಪ್ರಿಲ್ 2025

ನಮ್ಮ ಮನೆಯವರಿಗೆ,

ಮೊದಲು ಕೂತುಕೊಳ್ಳಿ. ನೀವು ಸತ್ತಿದ್ದೀರಿ.

ನಗಬೇಡಿ, ಖರೆ ಹೇಳುತ್ತಿದ್ದೇನೆ. ಈ ತಿಂಗಳು ರೇಷನ್ ಅಂಗಡಿಯಲ್ಲಿ ಒಬ್ಬರ ಅಕ್ಕಿ ಕೊಟ್ಟರು. "ನಿಮ್ಮ ಯಜಮಾನ್ರ ಹೆಸರು ತಗದಾರ್ರಿ" ಅಂದ ಅಂಗಡಿಯವ. ಯಾಕೆ ಅಂದರೆ ಅವನಿಗೂ ತಿಳಿಯದು. ಮರುವಾರ ಮನೆಗೆ ಒಂದು ಕಾಗದ ಬಂತು. ನನಗೆ ವಿಧವಾ ವೇತನ ಮಂಜೂರಾಗಿದೆಯಂತೆ. ಅರ್ಜಿ ಹಾಕದವರಿಗೂ ಮನೆ ಬಾಗಿಲಿಗೇ ತಲುಪಿಸುತ್ತಾರಂತೆ. ಗುಡ್ಡವ್ವ ಕಾಗದ ಓದಿಸಿ ಕೇಳಿ ನನ್ನ ಕೊರಳು ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. "ಏನ ಕರೆವ್ವಾ, ನಮಗ ಹೇಳಲೇ ಇಲ್ಲಲ್ಲ" ಅಂತ ಅತ್ತೇ ಬಿಟ್ಟಳು. ಅವಳನ್ನು ಸಮಾಧಾನ ಮಾಡುವುದರಲ್ಲಿ ಅರ್ಧ ದಿನದ ಕೂಲಿ ಹೋಯಿತು.

ಆಫೀಸಿಗೆ ಓಡಿದೆ. ಅಲ್ಲಿ ಪದ್ಮಜಾ ಅನ್ನುವ ಮೇಡಂ ಕಂಪ್ಯೂಟರ್ ತೆಗೆದು ನೋಡಿ, "ಸರ್ವೇದಾಗ ನೀವ ಹೇಳೀರಲ್ಲವಾ, ಗಂಡ ಬದುಕಿಲ್ಲ ಅಂತ" ಅಂದರು. ಆಗ ತಿಳಿಯಿತು. ನಿಮ್ಮ ಐಸ್ ಗುಮಾಸ್ತನ ಕಥೆಯೇ ನಮ್ಮ ಮನೆ ಹೊಸ್ತಿಲಿಗೆ ಬಂದಿತ್ತು. ನಾನು "ಅವರಿಗೆ" ಅಂದದ್ದನ್ನು ಆ ಹುಡುಗ "ಅವರು" ಅಂತ ಕೇಳಿಸಿಕೊಂಡ. ಒಂದು ಅಕ್ಷರ ನುಂಗಿ ಒಬ್ಬ ಮನುಷ್ಯನನ್ನು ನುಂಗಿದ. ಅದಕ್ಕೇ ಅತ್ತಿದ್ದ, ಪುಣ್ಯಾತ್ಮ!

ಮೊದಲು ನಕ್ಕೆ. ಮನೆಗೆ ಬಂದ ಮೇಲೆ ಆ ಕಾಗದ ಇನ್ನೊಮ್ಮೆ ಓದಿದೆ. "ದಿವಂಗತ ಕೊಟ್ರಪ್ಪ ಇವರ ಪತ್ನಿ." ತಪ್ಪು ಅಂತ ಗೊತ್ತಿದ್ದೂ ಹೆದರಿದೆ.

ನೀವು ಬರಬೇಕು. ಖುದ್ದು ಬಂದು ಆಫೀಸಿನಲ್ಲಿ ಮುಖ ತೋರಿಸಿ ಹೆಬ್ಬೆಟ್ಟು ಒತ್ತಿದರೇ ಹೆಸರು ತಿರುಗಿ ಬರುತ್ತದೆ. ಬೇರೆ ದಾರಿಯಿಲ್ಲ. ದೀಪಾವಳಿ ಅನ್ನಬೇಡಿ. ಅಷ್ಟು ದಿನ ಸತ್ತವರಾಗಿ ಇರಬೇಡಿ.

ಕರೆವ್ವ

ಮಲ್ಪೆ
8 ಮೇ 2025

ಕರೆವ್ವಳಿಗೆ,

ನಿನ್ನ ಪತ್ರವನ್ನು ಖಾನಾವಳಿಯಲ್ಲಿ ಗಟ್ಟಿಯಾಗಿ ಓದಿದೆ. ಎಲ್ಲರೂ ನಕ್ಕರು. ಜೈತೂನಬಿ ಮಾತ್ರ "ತೋಬಾ ತೋಬಾ" ಎಂದು ನನ್ನ ತಲೆಯ ಮೇಲೆ ಕೈಯಾಡಿಸಿ ಇನ್ನೊಂದು ರೊಟ್ಟಿ ಹಾಕಿದಳು. ಸತ್ತ ಮೇಲೆ ಮರ್ಯಾದೆ ಹೆಚ್ಚಾಗಿದೆ.

ಆ ಪಿಂಚಣಿಯ ಒಂದು ರೂಪಾಯಿಯನ್ನೂ ಮುಟ್ಟಬೇಡ. ನಾನು ಉಸಿರಾಡುತ್ತಿರುವಾಗ ನನ್ನ ಹೆಂಡತಿ ಅಂಥ ದುಡ್ಡು ಎತ್ತುವುದು ಬೇಡ.

ಬೇರೆ ದಾರಿಯಿಲ್ಲ ಎಂದ ಮೇಲೆ ಬರುತ್ತೇನೆ. ಜೂನ್ ಮೊದಲ ವಾರ. ಬಲೆ ಕೆಲಸದವರಿಗೆ ಬೇಡವೆಂದು ಹೇಳಿದೆ. ಆದರೆ ಬರಿಗೈಯಲ್ಲಿ ಬರುವುದಿಲ್ಲ. ದೋಣಿ ನಿಲ್ಲುವ ಮುಂಚೆ ಐಸಿಗೆ ಬಹಳ ಬೇಡಿಕೆ, ಎರಡನೇ ಪಾಳಿಯನ್ನೂ ಹಿಡಿದಿದ್ದೇನೆ. ಆ ಎರಡು ತಿಂಗಳು ಕಟ್ಟೆಯ ಮೇಲೆ ಕೂತರೂ ಯಾರೂ ಒಂದು ಮಾತು ಅನ್ನದಷ್ಟು ಇಟ್ಟುಕೊಂಡು ಬರುತ್ತೇನೆ.

ನಿನಗೆ ಏನು ತರಲಿ? ಒಣಮೀನು ಬಿಟ್ಟು ಕೇಳು.

ಕೊಟ್ರಪ್ಪ

ಬ್ಯಾಡಗಿ
12 ಜೂನ್ 2025

ನಮ್ಮ ಮನೆಯವರಿಗೆ,

ಜೂನ್ ಮೊದಲ ವಾರ ಬಂದು ಹೋಯಿತು.

ಐದನೇ ತಾರೀಖಿನಿಂದ ದಿನಾ ಸಂಜೆ ಕೆಲಸ ಮುಗಿಸಿ ಬಸ್ ಸ್ಟ್ಯಾಂಡಿಗೆ ಹೋಗುತ್ತಿದ್ದೇನೆ. ಹುಬ್ಬಳ್ಳಿ ಕಡೆಯಿಂದ ಬರುವ ಬಸ್ಸಿನಲ್ಲಿ ಎಲ್ಲರೂ ಇಳಿದ ಮೇಲೆ ಒಳಗೆ ಇಣುಕಿ ನೋಡುತ್ತೇನೆ. ಒಬ್ಬ ಕಂಡಕ್ಟರ್, "ಎಲ್ಲಿಗೆ ಹೋಗ್ಬೇಕವ್ವಾ, ಕಾಗಿನೆಲೆ ಬಸ್ಸು ಆ ಕಡೆ ನಿಲ್ತೈತಿ" ಅಂತ ದಾರಿ ತೋರಿಸಿದ. ಅವನಿಗೇನು ಹೇಳಲಿ.

ನೀವು ಮಾತಾಡುತ್ತಿದ್ದ ನಂಬರಿಗೆ ಹಚ್ಚಿದರೆ ಸ್ವಿಚ್ ಆಫ್. ಒಂದು ತಿಂಗಳಾಯಿತು ನಿಮ್ಮ ದನಿ ಕೇಳಿ. ಮೊದಲೆಲ್ಲ "ಉಂಡ್ಯಾ, ಉಂಡೆರಿ" ಅನ್ನುವ ಮಾತು ಏನು ಮಾತು ಅಂತ ಬೇಸರ ಮಾಡಿಕೊಳ್ಳುತ್ತಿದ್ದೆ. ಈಗ ಅಷ್ಟಾದರೂ ಸಿಕ್ಕರೆ ಸಾಕು ಅನ್ನಿಸುತ್ತಿದೆ.

ಪಿಂಚಣಿ ಖಾತೆಗೆ ಬಂದಿದೆ ಅಂತ ಫೋನಿಗೆ ಮೆಸೇಜ್ ಬಂತು. ನಿಮ್ಮದೇ ಫೋನಿಗೆ. ನೀವು ಸತ್ತಿದ್ದಕ್ಕೆ ಕೊಟ್ಟ ದುಡ್ಡಿನ ಸುದ್ದಿ ನಿಮಗೇ ಬರುತ್ತದೆ ನೋಡಿ. ಮುಟ್ಟಿಲ್ಲ. ಪದ್ಮಜಾ ಮೇಡಂ ಮತ್ತೆ ಕೇಳಿದರು. ಬರುತ್ತಾರೆ, ಬರುತ್ತಾರೆ ಅಂದೆ.

ಸಿಟ್ಟು ಇಲ್ಲ. ಎಲ್ಲಿದ್ದೀರಿ ಅಷ್ಟು ಹೇಳಿ.

ಕರೆವ್ವ

ಮಲ್ಪೆ
22 ಜೂನ್ 2025

ಪ್ರೀತಿಯ ಕರೆವ್ವಳಿಗೆ,

ನಾನು ಇಲ್ಲಿ ಆರೋಗ್ಯವಾಗಿದ್ದೇನೆ. ನೀನೂ ಆರೋಗ್ಯವಾಗಿರುವೆ ಎಂದು ನಂಬಿದ್ದೇನೆ. ಕೆಲಸದ ಒತ್ತಡದಿಂದಾಗಿ ಪತ್ರ ಬರೆಯಲು ಸಾಧ್ಯವಾಗಲಿಲ್ಲ. ಬಲೆ ದುರಸ್ತಿಯ ಕೆಲಸ ಸಿಕ್ಕಿರುವುದರಿಂದ ಸದ್ಯಕ್ಕೆ ಊರಿಗೆ ಬರಲು ಆಗುವುದಿಲ್ಲ.

ಸರಕಾರದಿಂದ ಬರುತ್ತಿರುವ ಪಿಂಚಣಿಯನ್ನು ನೀನು ತೆಗೆದುಕೊಂಡು ಖರ್ಚು ಮಾಡಬಹುದು. ಹೆಸರು ಸರಿಪಡಿಸಲು ಅವಸರ ಮಾಡಬೇಡ. ಅದು ಹಾಗೆಯೇ ಇರಲಿ.

ಇಂತಿ,
ಕೊಟ್ರಪ್ಪ

ಬ್ಯಾಡಗಿ
30 ಜೂನ್ 2025

ಕೊಟ್ರಪ್ಪನವರಿಗೆ,

ಆ ಗುಂಡು ಗುಂಡು ಅಕ್ಷರ ಯಾರದು?

ನಿಮ್ಮ ಅಕ್ಷರ ನನಗೆ ಗೊತ್ತಿಲ್ಲವೇ? ನಿಮ್ಮ ಸಾಲು ಹೊಲದ ಕಾಲುದಾರಿಯಂತೆ ಮೇಲೆ ಕೆಳಗೆ ಹೋಗುತ್ತದೆ. ಇದು ರೂಲು ಹಾಕಿ ಬರೆದಂತೆ ಇದೆ. ಹೆಂಗಸಿನ ಕೈ. ಅದೂ ಹರೆಯದ ಹೆಂಗಸಿನ ಕೈ. "ಪ್ರೀತಿಯ ಕರೆವ್ವ"! ಇಪ್ಪತ್ತೆರಡು ವರ್ಷದಲ್ಲಿ ನಿಮ್ಮ ಬಾಯಿಂದ ಆ ಮಾತು ಬಂದಿಲ್ಲ. ಈಗ ಬಂತು, ಅದೂ ಬೇರೆಯವಳ ಕೈಯಿಂದ.

ಪಿಂಚಣಿ ಮುಟ್ಟಬೇಡ ಅಂದವರು ಈಗ ಖರ್ಚು ಮಾಡು ಅನ್ನುತ್ತೀರಿ. ಸತ್ತವರಾಗಿಯೇ ಇರುತ್ತೇನೆ ಅನ್ನುತ್ತೀರಿ. ಅರ್ಥವಾಗದಷ್ಟು ದಡ್ಡಿಯಲ್ಲ ನಾನು. ಇಲ್ಲಿ ಸತ್ತರೆ ಅಲ್ಲಿ ಹೊಸದಾಗಿ ಹುಟ್ಟಬಹುದು, ಅಲ್ಲವೇ? ಮಕ್ಕಳಿಲ್ಲದ ಹೆಂಡತಿಗೆ ತಿಂಗಳಿಗಿಷ್ಟು ಅಂತ ಸರಕಾರವೇ ಕೊಡುತ್ತಿದೆ, ನಿಮಗೆ ಇನ್ನೇನು ಭಾರ?

ಗುಡ್ಡವ್ವನಿಗೆ ಓದಿ ಹೇಳಿದೆ. "ಹಂಗ ಇರಾಕಿಲ್ಲಬೇ. ನಮ್ಮ ಕೊಟ್ರಣ್ಣಗ ಸುಳ್ಳು ಹೇಳಾಕ ಬರೂದಿಲ್ಲ, ಇನ್ನ ಹೆಂಗಸರ್ನ ಎಲ್ಲಿ ಹಿಡೀತಾನ" ಅಂದಳು. ಅವಳಿಗೆ ನಗು, ನನಗೆ ಊಟ ಸೇರುತ್ತಿಲ್ಲ.

ಹೌದಾದರೆ ಹೌದು ಅನ್ನಿ. ಆದರೆ ನಿಮ್ಮ ಕೈಯಿಂದ ಬರೆಯಿರಿ. ಆಕೆಯ ಕೈಯಿಂದ ಬರೆಸಬೇಡಿ.

ಕರೆವ್ವ

ಮಲ್ಪೆ
12 ಜುಲೈ 2025

ಕರೆವ್ವಳಿಗೆ,

ಇದನ್ನೂ ಅವಳೇ ಬರೆಯುತ್ತಿದ್ದಾಳೆ. ಹೆಸರು ಅಲ್ಮಾಸ, ಜೈತೂನಬಿಯ ಮಗಳು, ಪಿಯುಸಿ ಎರಡನೇ ವರ್ಷ. ನಿನ್ನ ಪತ್ರ ಓದಿ ಮೊದಲು ನಕ್ಕಳು, ಆಮೇಲೆ "ಚಾಚಾ, ಖರೇ ಹೇಳದಿದ್ರ ನಾ ಬರೆಯಂಗಿಲ್ಲ" ಎಂದು ಪೆನ್ನು ಕೆಳಗಿಟ್ಟಳು. ಹೋದ ಸಲದ "ಪ್ರೀತಿಯ" ಅವಳದೇ. ಈ ಸಲ ನಾನು ಹೇಳಿದಂತೆ ಬರೆಯುವ ಕರಾರು ಆಗಿದೆ.

ನಿಮ್ಮ ಕೈಯಿಂದ ಬರೆಯಿರಿ ಎಂದೆ ನೀನು. ಬರೆಯುವ ಕೈ ಇಲ್ಲ ಕರೆವ್ವ. ಮೇ ಇಪ್ಪತ್ತೊಂದಕ್ಕೆ, ಎರಡನೇ ಪಾಳಿಯಲ್ಲಿ, ಬಲಗೈ ಯಂತ್ರಕ್ಕೆ ಸಿಕ್ಕಿತು. ಹೆಬ್ಬೆಟ್ಟು ಒಂದು ಉಳಿದಿದೆ, ನಾಲ್ಕು ಬೆರಳು ಹೋದವು. ಸತತ ಹದಿನೈದು ತಾಸು ನಿಂತಿದ್ದೆ, ಕಣ್ಣು ಮುಚ್ಚಿತು. ಯಾರ ತಪ್ಪೂ ಅನ್ನಲಾರೆ. ಮಾಲೀಕ ಆಸ್ಪತ್ರೆಯ ಬಿಲ್ಲು ಕಟ್ಟಿದ, ಮೇಲೆ ಒಂದಿಷ್ಟು ಕೊಟ್ಟು ಊರಿಗೆ ಹೋಗು ಎಂದ. ವಿಮೆ, ಕಾರ್ಡು ಏನಾದರೂ ಇದೆಯೇ ಎಂದು ಡಾಕ್ಟರು ಕೇಳಿದರು. ಇಲ್ಲ ಎಂದೆ.

ನಿನಗೆ ಒಂದು ಸುಳ್ಳು ಹೇಳಿದ್ದೆ. ಗಿರಣಿಯಲ್ಲಿ ಗುತ್ತಿಗೆದಾರ ಹೆಸರು ಸೇರಿಸದೇ ಬಿಟ್ಟದ್ದಲ್ಲ. ಅವನು ಕೇಳಿದ್ದ. ಪಗಾರದಲ್ಲಿ ಕಡಿಯುವುದು ಬೇಡ, ನನಗೇನಾಗುತ್ತದೆ, ಎಂದವನು ನಾನೇ. ಗಟ್ಟಿ ಆಳಿಗೆ ಅದೆಲ್ಲ ಯಾಕೆ ಎಂದಿದ್ದೆನಲ್ಲ, ಆ ಗಟ್ಟಿ ಆಳು ಈಗ ಲುಂಗಿ ಕಟ್ಟಿಕೊಳ್ಳಲು ಇನ್ನೊಬ್ಬರನ್ನು ಕರೆಯುತ್ತಾನೆ.

ಪಿಂಚಣಿಯ ಮಾತು. ಆಸ್ಪತ್ರೆಯಲ್ಲಿ ಮಲಗಿ ಬಹಳ ಯೋಚಿಸಿದೆ. ಬದುಕಿದ್ದ ಕೊಟ್ರಪ್ಪನಿಂದ ನಿನಗೆ ಇನ್ನು ಏನೂ ಬರುವುದಿಲ್ಲ. ಸತ್ತ ಕೊಟ್ರಪ್ಪನಿಂದ ತಿಂಗಳಿಗಿಷ್ಟು ಬರುತ್ತದೆ. ನಾನು ಬಂದು ಹೆಬ್ಬೆಟ್ಟು ಒತ್ತಿದರೆ ಆ ದುಡ್ಡೂ ನಿಲ್ಲುತ್ತದೆ, ಉಣ್ಣುವ ಬಾಯಿ ಒಂದು ಹೆಚ್ಚಾಗುತ್ತದೆ. ಹಾಗಾಗಿ ಸುಮ್ಮನಿದ್ದೆ. ಜೈತೂನಬಿಯ ಖಾನಾವಳಿಯಲ್ಲಿ ಎಡಗೈಯಲ್ಲಿ ತಟ್ಟೆ ಎತ್ತುತ್ತೇನೆ, ಮೂಲೆಯಲ್ಲಿ ಮಲಗುತ್ತೇನೆ. ಬೇರೆ ಹೆಂಗಸು ಇಲ್ಲ. ಇದ್ದರೂ ಈ ಕೈ ಯಾರಿಗೆ ಬೇಕು.

ಕೊಟ್ರಪ್ಪ

ಚಾಚಿ, ಚಾಚಾ ಇದನ್ನು ಹೇಳುವಾಗ ಅಳುತ್ತಿದ್ದರು. ಅದನ್ನು ಬರೆಯಬೇಡ ಅಂದರು. ನಾನು ಬರೆದಿದ್ದೇನೆ. ಅಲ್ಮಾಸ

ಬ್ಯಾಡಗಿ
19 ಜುಲೈ 2025

ನಮ್ಮ ಮನೆಯವರಿಗೆ,

ನಿಮ್ಮ ಪತ್ರ ಅಂಗಳದಲ್ಲಿ ಕೂತೇ ಓದಿದೆ. ಗುಡ್ಡವ್ವ ನೀರು ತಂದು ಕುಡಿಸಿದಳು. ಗಂಗಾಧರ ಸಾವಕಾರರು ಏನಾಯಿತು ಅಂತ ಎದ್ದು ಬಂದು ಕೇಳಿದರು. ಮೈಗಳ್ಳರ ಮಾತು ಅವತ್ತು ಎತ್ತಲಿಲ್ಲ.

ನನಗೆ ಬರೆಯಲು ಆಗುತ್ತಿಲ್ಲ. ಒಂದೇ ಮಾತು. ನನಗೆ ಪಿಂಚಣಿ ತರುವ ಗಂಡ ಬೇಡ, ಉಣ್ಣುವ ಗಂಡ ಬೇಕು. ಎದುರಿಗೆ ಕೂತು "ಉಪ್ಪು ಕಡಿಮಿ ಆಗೇತಿ" ಅನ್ನುವವರು ಬೇಕು. ಏಳು ತಿಂಗಳಿಂದ ಉಪ್ಪು ಹೆಚ್ಚೋ ಕಡಿಮೆಯೋ ನನಗೆ ತಿಳಿದಿಲ್ಲ.

ಸೋಮವಾರ ನಾನೇ ಬರುತ್ತೇನೆ. ಹುಬ್ಬಳ್ಳಿಗೆ ಒಂದು ಬಸ್ಸು, ಅಲ್ಲಿಂದ ಉಡುಪಿಗೆ ಇನ್ನೊಂದು. ನನಗೆ ಟಿಕೆಟ್ ಇಲ್ಲ. ತಿರುಗಿ ಬರುವಾಗ ನಿಮ್ಮ ಟಿಕೆಟ್ ನಾನು ತೆಗೆಸುತ್ತೇನೆ. ಹಿಂದಿನ ಸೀಟಿನವನು ಕೆಮ್ಮಿದರೆ ನಾನು ನೋಡಿಕೊಳ್ಳುತ್ತೇನೆ.

ಅಲ್ಮಾಸಳಿಗೆ ನನ್ನ ಮುದ್ದು ಹೇಳಿ. ಅವಳ ಅಕ್ಷರ ಬಹಳ ಚೆಂದ.

ಕರೆವ್ವ

ಬ್ಯಾಡಗಿ
25 ಆಗಸ್ಟ್ 2025

ನಮ್ಮ ಮನೆಯವರಿಗೆ,

ನೀವು ಹೊರಗೆ ಕಟ್ಟೆಯ ಮೇಲೆ ಕೂತಿದ್ದೀರಿ, ನಾನು ಒಳಗೆ ಕೂತು ನಿಮಗೆ ಪತ್ರ ಬರೆಯುತ್ತಿದ್ದೇನೆ. ನಿಮ್ಮ ಬೆನ್ನು ಕಾಣುತ್ತಿದೆ. ಆರು ತಿಂಗಳು ಪತ್ರದಲ್ಲಿ ಮಾತಾಡಿ, ಎದುರಿಗೆ ಮಾತಾಡುವುದು ಮರೆತಂತಾಗಿದೆ. ನೀವೂ ಬಂದಾಗಿನಿಂದ "ಹೂಂ, ಊಂಹೂಂ" ಬಿಟ್ಟು ಏನೂ ಅನ್ನುವುದಿಲ್ಲ. ದಿನಾ ನೋಡುತ್ತಿದ್ದರೂ ನಿಮಗಾಗಿ ಹಂಬಲಿಸುವುದು ನಿಂತಿಲ್ಲ. ಇದೆಂಥದೋ.

ಮೊನ್ನೆ ಆಫೀಸಿನಲ್ಲಿ ನೀವು ಹೆಬ್ಬೆಟ್ಟು ಒತ್ತಿದಿರಿ, ಯಂತ್ರ ಒಂದೇ ಸಲಕ್ಕೆ ಹಿಡಿಯಿತು. ನೀವು ಬದುಕಿದಿರಿ, ನನ್ನ ಪಿಂಚಣಿ ನಿಂತಿತು. ಪದ್ಮಜಾ ಮೇಡಂ ಒಳ್ಳೆಯವರು, ಅಂಗವಿಕಲರ ಪ್ರಮಾಣಪತ್ರಕ್ಕೆ ಹಾವೇರಿ ಆಸ್ಪತ್ರೆಗೆ ಕಾಗದ ಮಾಡಿಕೊಟ್ಟರು. ನೀವು ತಲೆ ತಗ್ಗಿಸಿ ಅದನ್ನು ತೆಗೆದುಕೊಂಡಿರಿ. ಹೊರಡುವಾಗ ಅವರು ನನಗೆ ಮೆಲ್ಲಗೆ ಒಂದು ಮಾತು ಅಂದರು. ನೀವು ಬಾಗಿಲು ದಾಟಿದ್ದಿರಿ, ಕೇಳಿಸಲಿಲ್ಲ. "ಏಪ್ರಿಲ್‌ದಾಗ ನಾ ಹೇಳಿದ್ದೆನಲ್ಲವಾ, ಫೋನಿನ್ಯಾಗ ಮುಖ ತೋರಿಸಿದ್ರೂ ನಡೀತೈತಿ ಅಂತ. ಯಾಕ ಮಾಡ್ಲಿಲ್ಲ ನೀವು?"

ಹೇಳಿದ್ದರು. ಏಪ್ರಿಲ್ ಇಪ್ಪತ್ತೆಂಟಕ್ಕೆ, ಇದೇ ಮಾತು ಹೇಳಿದ್ದರು. ಅಲ್ಲಿ ಯಾರದಾದರೂ ಫೋನಿನಿಂದ ನೀವು ಎರಡು ನಿಮಿಷ ಮುಖ ತೋರಿಸಿದ್ದರೆ ಸಾಕಿತ್ತು. ನಾನು ಅದೇ ಸಂಜೆ ನಿಮಗೆ ಬೇರೆ ದಾರಿಯಿಲ್ಲ ಅಂತ ಬರೆದೆ. ನೀವು ದೀಪಾವಳಿ ಅಂದಿದ್ದಿರಿ. ನನಗೆ ದೀಪಾವಳಿ ಬಹಳ ದೂರ ಅನ್ನಿಸಿತು. ನನಗೆ ನೀವು ಬೇಕಾಗಿದ್ದಿರಿ, ಅಷ್ಟೇ. ಇನ್ನೊಂದು ಕಾರಣ ಇಲ್ಲ.

ನೀವು ಬರಲು ಒಪ್ಪಿದಿರಿ. ಬರಿಗೈಯಲ್ಲಿ ಬರಬಾರದು ಅಂತ ಎರಡನೇ ಪಾಳಿ ಹಿಡಿದಿರಿ.

ಆ ಬೆರಳು ನಾನು ತಿಂದೆ. ದಿನಾ ನಿಮ್ಮ ಕೈಗೆ ಬಟ್ಟೆ ಸುತ್ತುವಾಗ ಹೇಳಬೇಕು ಅಂತ ಬಾಯಿ ತೆರೆಯುತ್ತೇನೆ. ನೀವು "ನೋಯೂದಿಲ್ಲ ಬಿಡು" ಅನ್ನುತ್ತೀರಿ. ನಾನು ಬಟ್ಟೆಯ ಗಂಟು ಕಟ್ಟಿ ಎದ್ದುಬಿಡುತ್ತೇನೆ.

ಇದನ್ನು ಅಂಚೆಗೆ ಹಾಕುತ್ತೇನೆ, ನಮ್ಮದೇ ವಿಳಾಸಕ್ಕೆ. ಅಂಚೆಯವನು ಬರುವ ಹೊತ್ತಿಗೆ ನಾನು ಅಂಗಳದಲ್ಲಿ ಇರುತ್ತೇನೆ. ಓದಿದ ಮೇಲೆ ಏನು ಬೇಕಾದರೂ ಅನ್ನಿ. ಬಡಿಯಿರಿ, ಬೈಯಿರಿ. ಮತ್ತೆ ಹೊರಟು ಮಾತ್ರ ಹೋಗಬೇಡಿ. ಸಂಜೆ ನಾನು ಬಂದಾಗ ಬಾಗಿಲಿಗೆ ಬೀಗ ಇದ್ದರೆ ನಾನು ತಡೆಯಲಾರೆ.

ಕರೆವ್ವ

ಬ್ಯಾಡಗಿ
29 ಆಗಸ್ಟ್ 2025

ಕರೆವ್ವ,

ಎಡಗೈ ಅಕ್ಷರ. ಗುಡ್ಡವ್ವನ ಕೈಯಲ್ಲಿ ಅಂಗಳಕ್ಕೆ ಕಳಿಸಾಕತ್ತೇನಿ. ಪುಸ್ತಕದ ಭಾಷಾ ಈ ಕೈಗೆ ಬರವಲ್ದು.

ನಿನ್ನ ಪತ್ರ ನಿನ್ನೆನ ಬಂತು. ನಿನ್ನೆ ರಾತ್ರಿ ನಾ ಮಾತಾಡ್ಲಿಲ್ಲ, ನೀ ಉಣಲಿಲ್ಲ. ಸಿಟ್ಟು ಬಂದಿತ್ತು. ಇವತ್ತೂ ಐತಿ. ಇನ್ನೂ ಭಾಳ ದಿನ ಇರತೈತಿ ಅನಸತೈತಿ.

ಮುಂಜಾನೆ ನೀ ಅಂಗಳಕ್ಕ ಹ್ವಾದ ಮ್ಯಾಲ ಬ್ಯಾಗ್ ತಗೊಂಡು ಬಸ್ ಸ್ಟ್ಯಾಂಡಿನ ತನಕ ಹೋಗಿದ್ದೆ. ಬಸ್ಸು ಬಂತು. ಹತ್ತಲಿಲ್ಲ.

ಅನ್ನಕ್ಕ ಇಟ್ಟೇನಿ. ಉಪ್ಪು ಎಷ್ಟು ಹಾಕಬೇಕು ತಿಳೀವಲ್ದು. ಲಗೂ ಬಾ.